ಗುಡ್ಡಗಳ ಲಿಸ್ಬನ್: ಮೂರು ಗಾಲಿಯ ಮೇಲೊಂದು ಸುತ್ತು

ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್, ಟೇಗಸ್ ನದಿ ಅಟ್ಲಾಂಟಿಕ್ ಸಾಗರ ಸೇರುವುದಕ್ಕೆ ತುಸು ಮುಂಚೆ, ಅದರ ಉತ್ತರ ದಂಡೆಯ ಗುಡ್ಡಗಳ ಮೇಲೆ ಹರಡಿಕೊಂಡಿರುವ ನಗರ. ಇದನ್ನು ಏಳು ಗುಡ್ಡಗಳ ಊರು ಎಂದು ಕರೆಯುವ ವಾಡಿಕೆ ಹದಿನೇಳನೇ ಶತಮಾನದಿಂದಲೂ ಇದೆ. ಎಣಿಸಲು ಹೊರಟರೆ ಏಳಕ್ಕಿಂತ ಹೆಚ್ಚೇ ಸಿಗುತ್ತವೆ. ನದಿಯಂಚಿನ ದೊಡ್ಡ ಚೌಕಕ್ಕೂ ಗುಡ್ಡದ ನೆತ್ತಿಯ ಕೋಟೆಗೂ ನೇರ ದೂರ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೆ ಅಷ್ಟರೊಳಗೆ ಸುಮಾರು ನೂರು ಮೀಟರ್ ಎತ್ತರ ಏರಬೇಕು. ದಾರಿಯುದ್ದಕ್ಕೂ ಕಡಿದಾದ ದಿಬ್ಬ, ಮೆಟ್ಟಿಲು, ಎದುರಿಗೆ ಬಂದವರಿಗೆ ಗೋಡೆಗೊರಗಿ ದಾರಿ ಬಿಡಬೇಕಾದ ಗಲ್ಲಿಗಳು.

ಈ ಏರಿಳಿತ ಬರೀ ನೆಲದ್ದಲ್ಲ, ಊರಿನ ಚರಿತ್ರೆಯೂ ಅದರಂತೆಯೇ ಹಂಚಿಹೋಗಿದೆ. 1755ರ ಭೂಕಂಪದಲ್ಲಿ ತಗ್ಗಿನ ಪ್ರದೇಶ ನೆಲಸಮವಾಯಿತು. ಇಂದು ಅಲ್ಲಿರುವುದು ಬಹುಪಾಲು ಆಮೇಲೆ ಕಟ್ಟಿದ್ದು. ಪೂರ್ವದ ಗುಡ್ಡದ ಗಲ್ಲಿಗಳು ಅದಕ್ಕೂ ಶತಮಾನಗಳಷ್ಟು ಹಳೆಯವು. ತಗ್ಗಿನಿಂದ ಗುಡ್ಡಕ್ಕೆ ಏರಿದವರು ಹೊಸ ಊರಿನಿಂದ ಹಳೆಯ ಊರಿಗೆ ಬಂದಂತೆಯೇ. ಅರ್ಧ ದಿನದಲ್ಲಿ ಎರಡನ್ನೂ ನೋಡಬೇಕೆನ್ನುವವರಿಗೆ ಒದಗಿಬಂದ ವಾಹನ ಟುಕ್‌ಟುಕ್.

ಪರಿಚಿತ ಗಾಡಿ, ದೂರದ ಊರು

ಟುಕ್‌ಟುಕ್ ಎಂದರೆ ಆಟೊರಿಕ್ಷಾ. ಇಟಲಿಯ ಪಿಯಾಜಿಯೊ ಕಂಪನಿ ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ತನ್ನ ವೆಸ್ಪಾ ಸ್ಕೂಟರಿನ ಮಾದರಿಯಲ್ಲೇ ಮೂರು ಗಾಲಿಯ ಸರಕು ಗಾಡಿಯೊಂದನ್ನು ಮಾರುಕಟ್ಟೆಗೆ ತಂದಿತು. ಅದೇ ಆಪೆ. ಕರ್ನಾಟಕದ ಪಟ್ಟಣಗಳಲ್ಲಿ ಬಸ್‌ ನಿಲ್ದಾಣದಿಂದ ಹಳ್ಳಿಗೆ ಜನರನ್ನು ತುಂಬಿಕೊಂಡು ಹೋಗುವ ಆಪೆ ಗಾಡಿಯೂ ಇದೇ ವಂಶದ್ದು. ಲಿಸ್ಬನ್ನಿಗೆ ಇಂಥ ಗಾಡಿಗಳು ಪ್ರವಾಸಿಗರಿಗಾಗಿಯೇ ಬಂದದ್ದು 2010ರ ದಶಕದ ಆರಂಭದಲ್ಲಿ. ಈಗ ಬ್ಯಾಟರಿಯಿಂದ ಓಡುವ ಗಾಡಿಗಳು ಸಾಕಷ್ಟಿವೆ. ಹಿಂದೆ ಎದುರುಬದುರು ಸೀಟು, ಎರಡೂ ಬದಿ ತೆರೆದೇ ಇರುತ್ತದೆ, ಮಳೆ ಬಂದರೆ ಇಳಿಬಿಡಲು ಪ್ಲಾಸ್ಟಿಕ್ ಪರದೆ. ಚಾಲಕನೇ ಗೈಡ್ ಕೂಡ: ಏರಿನಲ್ಲಿ ಗಾಡಿ ಹತ್ತಿಸುತ್ತಲೇ ಎಡಬಲದ ಕಟ್ಟಡಗಳ ಕಥೆ ಹೇಳುತ್ತಾನೆ, ನೋಡುವ ಜಾಗ ಬಂದಾಗ ನಿಲ್ಲಿಸಿ ಇಳಿಸುತ್ತಾನೆ.

ಇದಕ್ಕೆ ಪರ್ಯಾಯಗಳು ಇಲ್ಲದಿಲ್ಲ. 28ನೇ ನಂಬರಿನ ಹಳದಿ ಟ್ರಾಮ್ ಇದೇ ಗುಡ್ಡಗಳ ಮೇಲೆ ಓಡುತ್ತದೆ. ಲಿಸ್ಬನ್ನಿನಲ್ಲಿ ವಿದ್ಯುತ್ ಟ್ರಾಮ್ ಆರಂಭವಾದದ್ದು 1901ರಲ್ಲಿ. ಹಳಿಗಳ ನಡುವಿನ ಅಂತರ 900 ಮಿಲಿಮೀಟರ್ ಮಾತ್ರ ಇರುವುದರಿಂದ ಪುಟ್ಟ ಬೋಗಿಯ ಈ ಟ್ರಾಮ್ ಬಿಗಿಯಾದ ತಿರುವುಗಳಲ್ಲೂ ನುಸುಳುತ್ತದೆ. ಆದರೆ ಅದು ಮೊದಲಿಗೆ ಊರಿನವರ ಸಾರಿಗೆ. ಸೀಟು ಸಿಗುವುದು ಕಷ್ಟ, ಬೇಕೆಂದಲ್ಲಿ ನಿಲ್ಲುವುದಿಲ್ಲ, ಜೇಬುಗಳ್ಳರ ಕಾಟವೂ ಉಂಟು. ದೊಡ್ಡ ಪ್ರವಾಸಿ ಬಸ್ಸುಗಳು ಹಳೆಯ ಗಲ್ಲಿಗಳಿಗೆ ಬರಲಾರವು. ನಡೆದೇ ನೋಡುವುದು ಎಲ್ಲಕ್ಕಿಂತ ಚೆನ್ನ, ಮಂಡಿನೋವಿಲ್ಲದವರಿಗೆ.

ತಗ್ಗಿನ ಊರು: ಭೂಕಂಪದ ನಂತರದ ಲಿಸ್ಬನ್

ಸುತ್ತು ಸಾಮಾನ್ಯವಾಗಿ ಬೈಶಾ ಎಂಬ ತಗ್ಗಿನ ಪೇಟೆಯಿಂದ ಹೊರಡುತ್ತದೆ. ನದಿಗೆ ಮುಖಮಾಡಿದ ಕೊಮೆರ್ಸಿಯು ಚೌಕದ ಮೂರು ಬದಿಗೆ ಕಮಾನುಸಾಲಿನ ಕಟ್ಟಡಗಳು, ನಾಲ್ಕನೆಯ ಬದಿಗೆ ನೀರು. ಹಳಬರು ಇದನ್ನು ಇಂದಿಗೂ ಅರಮನೆ ಅಂಗಳವೆಂದೇ ಕರೆಯುತ್ತಾರೆ, ಏಕೆಂದರೆ 1755ರ ತನಕ ಇಲ್ಲಿ ರಾಜರ ಅರಮನೆಯಿತ್ತು. ಭಾರತದೊಂದಿಗಿನ ವ್ಯಾಪಾರದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ‘ಇಂಡಿಯಾ ಹೌಸ್’ ಕೂಡ ಇಲ್ಲೇ ಇತ್ತು. ಮಲಬಾರಿನ ಮೆಣಸು ಹಡಗಿನಿಂದ ಇಳಿದು ಅದರ ಉಗ್ರಾಣ ಸೇರುತ್ತಿತ್ತು.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಜನ ಚರ್ಚುಗಳಲ್ಲಿ ನೆರೆದಿದ್ದ ಬೆಳಗಿನ ಹೊತ್ತಿನಲ್ಲಿ ಭೂಮಿ ನಡುಗಿತು. ಬೀಳುವ ಕಟ್ಟಡಗಳಿಂದ ಪಾರಾಗಲು ನದಿದಂಡೆಯ ಬಯಲಿಗೆ ಓಡಿದವರ ಮೇಲೆ ಸ್ವಲ್ಪ ಹೊತ್ತಿನಲ್ಲೇ ಸುನಾಮಿ ಅಪ್ಪಳಿಸಿತು. ಹಬ್ಬಕ್ಕೆಂದು ಹಚ್ಚಿದ್ದ ಮೇಣದಬತ್ತಿ, ಒಲೆಗಳಿಂದ ಎದ್ದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರ ಸಂಖ್ಯೆ 30,000ದಿಂದ 50,000ದವರೆಗೆ ಇದ್ದಿರಬಹುದೆಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. ಅರಮನೆ, ಇಂಡಿಯಾ ಹೌಸ್ ಎಲ್ಲ ಹೋದವು.

ಮರುನಿರ್ಮಾಣದ ಹೊಣೆ ಹೊತ್ತವನು ರಾಜ ಒಂದನೇ ಜೋಸೆಯ ಮಂತ್ರಿ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದವನು. ಮ್ಯಾನುಯೆಲ್ ದ ಮಾಯಾ, ಯುಜೆನಿಯು ದುಸ್ ಸಾಂತುಸ್, ಕಾರ್ಲುಸ್ ಮಾರ್ಡೆಲ್ ಎಂಬ ಸೇನಾ ಎಂಜಿನಿಯರುಗಳು ಸುತ್ತಿಬಳಸುವ ಹಳೆಯ ಓಣಿಗಳನ್ನು ಅಳಿಸಿ, ನೂಲು ಹಿಡಿದಂತೆ ನೇರವಾದ ಬೀದಿಗಳನ್ನು ಎಳೆದರು. ಒಂದೊಂದು ಕಸುಬಿಗೆ ಒಂದೊಂದು ಬೀದಿ: ಚಿನ್ನದವರದು, ಬೆಳ್ಳಿಯವರದು, ಚಮ್ಮಾರರದು. ಆ ಹೆಸರುಗಳು ಈಗಲೂ ಹಾಗೇ ಇವೆ.

ಆದರೆ ಅವರ ನಿಜವಾದ ಜಾಣ್ಮೆ ಕಣ್ಣಿಗೆ ಕಾಣದ ಜಾಗದಲ್ಲಿದೆ. ಗೋಡೆಯೊಳಗೆ ಮರದ ತೊಲೆಗಳನ್ನು ಅಡ್ಡ, ಉದ್ದ, ಓರೆಯಾಗಿ ಹೆಣೆದು, ಆ ಪಂಜರದ ಸಂದುಗಳಿಗೆ ಕಲ್ಲು–ಗಾರೆ ತುಂಬಿದರು. ಭೂಮಿ ಅಲುಗಿದಾಗ ಮರ ಬಾಗಿ ಬಳುಕುತ್ತದೆ. ಕಲ್ಲು ಉದುರಿದರೂ ಮನೆ ಕುಸಿಯುವುದಿಲ್ಲ. ಮಾದರಿಯೊಂದನ್ನು ಕಟ್ಟಿ, ಅದರ ಸುತ್ತ ಸೈನಿಕರನ್ನು ಕಾಲಪ್ಪಳಿಸಿ ನಡೆಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ಭೂಕಂಪವನ್ನು ಲೆಕ್ಕಕ್ಕಿಟ್ಟುಕೊಂಡು ಇಡೀ ಪೇಟೆಯನ್ನೇ ಕಟ್ಟಿದ ಯುರೋಪಿನ ಮೊದಲ ಉದಾಹರಣೆಗಳಲ್ಲಿ ಇದೊಂದು. ನೆಲ ಮೆಕ್ಕಲು ಮಣ್ಣಿನದಾದ್ದರಿಂದ ಅಡಿಪಾಯದ ಕೆಳಗೂ ಪೈನ್ ಮರದ ಗೂಟಗಳನ್ನು ಬಡಿದಿದ್ದಾರೆ.

ಪೂರ್ವದ ಗುಡ್ಡ: ಉಳಿದುಕೊಂಡ ಊರು

ಬೈಶಾ ಬಿಟ್ಟು ಪೂರ್ವಕ್ಕೆ ತಿರುಗಿದ ಕೂಡಲೇ ಏರು ಶುರು. ಮೊದಲು ಸಿಗುವುದು ಸಂತ ಅಂತೋಣಿಯ ಚರ್ಚು. ಪಾದುವಾದ ಅಂತೋಣಿ ಎಂದು ಪ್ರಸಿದ್ಧನಾದ ಈ ಸಂತ ಹುಟ್ಟಿದ್ದು ಇಟಲಿಯ ಪಾದುವಾದಲ್ಲಲ್ಲ, ಹನ್ನೆರಡನೇ ಶತಮಾನದ ಕೊನೆಯಲ್ಲಿ ಇದೇ ಲಿಸ್ಬನ್ನಿನಲ್ಲಿ. ಮೈಸೂರು ಸೀಮೆಯ ಡೋರನಹಳ್ಳಿಯಲ್ಲಿ ಜಾತಿಮತ ನೋಡದೆ ಜನ ಹರಕೆ ಹೊರುವುದು ಇದೇ ಅಂತೋಣಿಗೆ. ಅವನ ಹಬ್ಬ ಜೂನ್ 13. ಹಿಂದಿನ ರಾತ್ರಿ ಲಿಸ್ಬನ್ನಿನ ಓಣಿಗಳಲ್ಲೆಲ್ಲ ಕೆಂಡದ ಮೇಲೆ ಸಾರ್ಡೀನ್ ಮೀನು ಸುಡುವ ಹೊಗೆ.

ಪಕ್ಕದ ಸೆ ಕ್ಯಾಥೆಡ್ರಲ್, ಚರ್ಚಿಗಿಂತ ಕೋಟೆಯಂತೆಯೇ ಕಾಣುತ್ತದೆ. ಎಂಟನೇ ಶತಮಾನದಿಂದ ಮುಸ್ಲಿಂ ದೊರೆಗಳ ಆಳ್ವಿಕೆಯಲ್ಲಿದ್ದ ನಗರವನ್ನು ಪೋರ್ಚುಗಲ್ಲಿನ ಮೊದಲ ರಾಜ ಅಫೋನ್ಸು ಹೆನ್ರಿಕೆಸ್ 1147ರಲ್ಲಿ, ಜೆರೂಸಲೇಮಿನತ್ತ ಹೊರಟಿದ್ದ ಧರ್ಮಯೋಧರ ನೆರವಿನಿಂದ ಗೆದ್ದ. ಬಳಿಕ ಮಸೀದಿಯಿದ್ದ ಜಾಗದಲ್ಲೇ ಈ ಕ್ಯಾಥೆಡ್ರಲ್ ಎದ್ದಿತು.

ಇನ್ನಷ್ಟು ಮೇಲೇರಿದರೆ ಸಾಂತಾ ಲೂಸಿಯಾ ಮತ್ತು ಪೋರ್ತಾಸ್ ದು ಸೋಲ್ ಎಂಬ ಎರಡು ನೋಟದ ಕಟ್ಟೆಗಳು. ಇಂಥ ಕಟ್ಟೆಗಳೇ ಈ ಸುತ್ತಿನ ಮುಖ್ಯ ನಿಲ್ದಾಣಗಳು. ಸಾಂತಾ ಲೂಸಿಯಾ ಚರ್ಚಿನ ಹೊರಗೋಡೆಯ ನೀಲಿ ಹೆಂಚಿನ ಚಿತ್ರಫಲಕವನ್ನು ಹತ್ತಿರ ನಿಂತು ನೋಡಬೇಕು. ಅದರಲ್ಲಿರುವುದು ಭೂಕಂಪಕ್ಕೆ ಮುಂಚಿನ ಅರಮನೆ ಅಂಗಳ. ಈಗಷ್ಟೇ ದಾಟಿ ಬಂದ ಚೌಕ ಹಿಂದೆ ಹೇಗಿತ್ತೆಂಬುದು ಅಲ್ಲಿ ಕಾಣುತ್ತದೆ.

ಕಟ್ಟೆಯ ಕೆಳಗೆ ಹರಡಿಕೊಂಡಿರುವುದು ಅಲ್ಫಾಮಾ. ಗುಡ್ಡದ ಗಟ್ಟಿ ನೆಲ ಇದನ್ನು ಭೂಕಂಪದಿಂದ ಬಹುಮಟ್ಟಿಗೆ ಕಾಪಾಡಿತು. ಹಾಗಾಗಿ ಮುಸ್ಲಿಂ ಆಳ್ವಿಕೆಯ ಕಾಲದ ಓಣಿಗಳ ಜಾಡು ಇನ್ನೂ ಉಳಿದಿದೆ: ಕವಲೊಡೆಯುವ ಗಲ್ಲಿ, ಮುಂದೆ ದಾರಿಯಿಲ್ಲದ ಅಂಗಳ, ಮನೆಯ ಅಡಿಯಲ್ಲೇ ಹಾದುಹೋಗುವ ಕಮಾನು, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆ. ಟುಕ್‌ಟುಕ್ ಇದರ ಅಂಚಿನವರೆಗೆ ಬರಬಲ್ಲದು. ಒಳಗೆ ಬಹುಪಾಲು ಮೆಟ್ಟಿಲುಗಳೇ ಆದ್ದರಿಂದ ಕಾಲ್ನಡಿಗೆಯೇ ಗತಿ.

ಸಾವ್ ಜಾರ್ಜ್ ಕೋಟೆಯ ವಿಷಯವೂ ಹಾಗೆಯೇ. ಗಾಡಿ ಹೊರಗೆ ನಿಲ್ಲುತ್ತದೆ, ಟಿಕೆಟ್ ಕೊಂಡು ನಡೆದು ಒಳಗೆ ಹೋಗಬೇಕು. ಈಗ ಕಾಣುವ ಬುರುಜು, ತೆನೆಗಳಲ್ಲಿ ಹೆಚ್ಚಿನವು 1938–40ರ ಜೀರ್ಣೋದ್ಧಾರದಲ್ಲಿ ರೂಪುಗೊಂಡವು. ರಾಜ್ಯದ ದಾಖಲೆಪತ್ರಗಳ ಭಂಡಾರ ಶತಮಾನಗಳ ಕಾಲ ಇದ್ದದ್ದು ಈ ಕೋಟೆಯ ಒಂದು ಬುರುಜಿನಲ್ಲಿ. 1755ರಲ್ಲಿ ಬುರುಜು ಬಿದ್ದಾಗ ಅವಶೇಷಗಳಡಿಯಿಂದ ಕಾಗದಗಳನ್ನು ತೆಗೆಸಿ ಉಳಿಸಿದವನು ಬೈಶಾದ ಯೋಜನೆ ಮಾಡಿದ ಅದೇ ಮ್ಯಾನುಯೆಲ್ ದ ಮಾಯಾ. ಆಗ ಅವನೇ ಆ ಭಂಡಾರದ ಮುಖ್ಯಸ್ಥನಾಗಿದ್ದ. ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೋವಾದಿಂದ ಬರೆದ ಪತ್ರಗಳು ಆ ಭಂಡಾರದಲ್ಲಿ ಇಂದಿಗೂ ಸಿಗುತ್ತವೆ. ವಿಜಯನಗರದ ವೈಭವವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯೆಸ್, ಫೆರ್ನಾವ್ ನೂನಿಜ್ ಅವರ ಬರಹಗಳ ಹಸ್ತಪ್ರತಿ ಮಾತ್ರ ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ. ಲಿಸ್ಬನ್ನಿನ ವಿದ್ವಾಂಸ ಡೇವಿಡ್ ಲೋಪೆಸ್ 1897ರಲ್ಲಿ ಅದನ್ನು ಅಚ್ಚು ಹಾಕಿಸಿದ ಮೇಲೆಯೇ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದು, ಹಂಪಿಯ ಚರಿತ್ರೆ ಬರೆಯುವವರಿಗೆ ಅದು ದಕ್ಕಿತು.

ಕೋಟೆಯ ಆಚೆ ಸಾವ್ ವಿಸೆಂತೆ ಮಠ, ಅದರ ಹಿಂದಿನ ಬಯಲಿನಲ್ಲಿ ಮಂಗಳವಾರ, ಶನಿವಾರ ಸೇರುವ ಹಳೆಸಾಮಾನಿನ ಸಂತೆ. ಪಕ್ಕದ ಬಿಳಿ ಗುಮ್ಮಟ ಸಾಂತಾ ಎಂಗ್ರಾಸಿಯಾ ಚರ್ಚಿನದು, ಈಗಿನ ರಾಷ್ಟ್ರೀಯ ಸ್ಮಾರಕ ಮಂದಿರ. 1680ರ ದಶಕದಲ್ಲಿ ಕಟ್ಟಲು ಹಿಡಿದ ಇದು ಮುಗಿದದ್ದು 1966ರಲ್ಲಿ. ಎಂದೂ ಮುಗಿಯದ ಕೆಲಸಕ್ಕೆ ಪೋರ್ಚುಗೀಸರು ಇಂದಿಗೂ ಇದರ ಹೆಸರನ್ನೇ ಹೇಳುತ್ತಾರೆ. ಫಾದು ಗಾಯಕಿ ಅಮಾಲಿಯಾ ರೊಡ್ರಿಗೆಸ್‌ರ ಸಮಾಧಿ ಇಲ್ಲಿದೆ. ವಿರಹ, ಬಡತನ, ಕಡಲಿನ ಹಾಡುಗಳ ಫಾದು ಸಂಗೀತ ಈ ಗುಡ್ಡಗಳ ಬಡ ಕೇರಿಗಳಲ್ಲೇ ಬೆಳೆದದ್ದು. 2011ರಲ್ಲಿ ಅದು ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು.

ಉತ್ತರಕ್ಕೆ ಹೊರಳಿ ಏರಿದರೆ ಸೆನ್ಯೋರಾ ದು ಮೋಂತೆ, ಹಳೆಯ ಊರಿನ ಅತಿ ಎತ್ತರದ ನೋಟದ ಕಟ್ಟೆಗಳಲ್ಲೊಂದು. ಇಲ್ಲಿ ಗೈಡ್‌ಗೆ ವಿವರಿಸಲು ಹೆಚ್ಚು ಕೆಲಸವಿಲ್ಲ: ಎಡಕ್ಕೆ ಕೋಟೆ, ನಡುವೆ ತಗ್ಗಿನ ಬೈಶಾ, ಎದುರಿಗೆ ಪಶ್ಚಿಮದ ಗುಡ್ಡ, ದೂರದಲ್ಲಿ ನದಿಗೆ ಕಟ್ಟಿದ ಕೆಂಪು ತೂಗುಸೇತುವೆ. ಇಳಿಜಾರಿನಲ್ಲಿರುವುದು ಮೌರಾರಿಯಾ. 1147ರ ಸೋಲಿನ ನಂತರ ಊರಲ್ಲಿ ಉಳಿದ ಮುಸ್ಲಿಮರಿಗೆ ಕೋಟೆಯ ಹೊರಗೆ ಗೊತ್ತುಮಾಡಿದ ಕೇರಿ ಇದು. ಇಂದು ಇಲ್ಲಿ ಭಾರತ, ಬಾಂಗ್ಲಾದೇಶ, ನೇಪಾಳದವರ ಅಂಗಡಿಗಳ ಸಾಲು. ಬೇಳೆ, ಮಸಾಲೆ, ಕರಿಬೇವಿಗೆ ಲಿಸ್ಬನ್ನಿನ ಭಾರತೀಯರು ಬರುವುದೂ ಇಲ್ಲಿಗೇ.

ಪಶ್ಚಿಮದ ಗುಡ್ಡ

ಬೈಶಾದ ಇನ್ನೊಂದು ಬದಿಗೆ ಏರಿದರೆ ಕಾರ್ಮು ಮಠ. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಆರಂಭವಾದ ಈ ಮಠದ ಚಾವಣಿ 1755ರಲ್ಲಿ ಕುಸಿಯಿತು. ಅದನ್ನು ಮತ್ತೆ ಪೂರ್ತಿ ಮುಚ್ಚಲೇ ಇಲ್ಲ, ಕಲ್ಲಿನ ಕಮಾನುಗಳು ಆಕಾಶಕ್ಕೆ ತೆರೆದೇ ನಿಂತಿವೆ. ಎದುರಿನ ಪುಟ್ಟ ಚೌಕಕ್ಕೆ ಇನ್ನೊಂದು ಮಹತ್ವವಿದೆ. 1974ರ ಏಪ್ರಿಲ್ 25ರಂದು ಪ್ರಧಾನಿ ಮಾರ್ಸೆಲು ಕಯೆತಾನು ಇಲ್ಲಿನ ಪೊಲೀಸ್ ಪಡೆಯ ಕಚೇರಿಯಲ್ಲಿ ದಂಗೆಯೆದ್ದ ಸೇನೆಗೆ ಶರಣಾದಾಗ ದಶಕಗಳ ಸರ್ವಾಧಿಕಾರ ಕೊನೆಗೊಂಡಿತು. ಗೋವಾ ಭಾರತದ್ದೆಂದು ಪೋರ್ಚುಗಲ್ ಒಪ್ಪಿಕೊಂಡದ್ದು ಈ ಕ್ರಾಂತಿಯ ಬಳಿಕ, ಅದೇ ವರ್ಷದ ಡಿಸೆಂಬರಿನಲ್ಲಿ.

ಈ ಗುಡ್ಡಗಳಿಗೆ ಜನರನ್ನು ಹತ್ತಿಸುವ ಯಂತ್ರಗಳ ಹುಡುಕಾಟ ಹಳೆಯದು. ಹಗ್ಗದಿಂದ ಎಳೆಯುವ ಬೋಗಿಗಳು ಲಾವ್ರಾ ಇಳಿಜಾರಿನಲ್ಲಿ 1884ರಲ್ಲಿ, ಗ್ಲೋರಿಯಾದಲ್ಲಿ 1885ರಲ್ಲಿ, ಬೀಕಾದಲ್ಲಿ 1892ರಲ್ಲಿ ಬಂದವು. ಬೈಶಾದಿಂದ ನೆಟ್ಟಗೆ ಕಾರ್ಮುವಿನ ಎತ್ತರಕ್ಕೆ ಒಯ್ಯುವ ಕಬ್ಬಿಣದ ಸಾಂತಾ ಜುಸ್ತಾ ಲಿಫ್ಟ್ 1902ರದ್ದು. 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾದ ಬೋಗಿ ಹಗ್ಗದ ಹಿಡಿತ ತಪ್ಪಿ ಇಳಿಜಾರಿನಲ್ಲಿ ಉರುಳಿ 16 ಮಂದಿ ಸತ್ತರು. ಉಳಿದ ಹಗ್ಗದ ಬೋಗಿಗಳನ್ನೂ ಆಗ ತಪಾಸಣೆಗಾಗಿ ನಿಲ್ಲಿಸಲಾಯಿತು.

ನದಿಯಂಚಿನ ಬೆಲೆಂ

ಸುತ್ತು ದೀರ್ಘವಾದದ್ದಾದರೆ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ದೂರದ ಬೆಲೆಂ ಕೂಡ ಸೇರುತ್ತದೆ. ವಾಸ್ಕೋ ಡ ಗಾಮ 1497ರ ಜುಲೈಯಲ್ಲಿ ಹಡಗೇರಿದ್ದು ಈ ದಂಡೆಯಿಂದ. ಮರುವರ್ಷ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಅವನು ಹಡಗು ರಿಪೇರಿಗೆ ತಂಗಿದ್ದು ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ. ರಾಜ ಮ್ಯಾನುಯೆಲ್ ಕಟ್ಟಿಸಿದ ಜೆರೋನಿಮುಸ್ ಮಠಕ್ಕೆ ಹಣ ಹರಿದದ್ದು ಬಹುಪಾಲು ಪೂರ್ವದೇಶಗಳ ವ್ಯಾಪಾರದ ಸುಂಕದಿಂದ. ಹಗ್ಗದ ಗಂಟು, ಹವಳ, ಬಳ್ಳಿಗಳನ್ನು ಕಲ್ಲಿನಲ್ಲಿ ಬಿಡಿಸಿದ ಈ ಮಠದೊಳಗೆ ಗಾಮನ ಸಮಾಧಿಯಿದೆ.

ಹತ್ತಿರದ ಬೆಲೆಂ ಬುರುಜು 1514ರಿಂದ ಕಟ್ಟಿದ್ದು. ಅದರ ಒಂದು ಕಾವಲು ಗೂಡಿನ ಬುಡದಲ್ಲಿ ಸವೆದುಹೋದ ಪ್ರಾಣಿಯ ತಲೆಯೊಂದಿದೆ, ಘೇಂಡಾಮೃಗದ್ದು. ಗುಜರಾತಿನ ಸುಲ್ತಾನ ಅಲ್ಬುಕರ್ಕನಿಗೆ ಕೊಟ್ಟ ಜೀವಂತ ಘೇಂಡಾಮೃಗ ಗೋವಾದಿಂದ ಹಡಗೇರಿ 1515ರ ಮೇ ತಿಂಗಳಲ್ಲಿ ಲಿಸ್ಬನ್ನಿಗೆ ಬಂದಿಳಿದಿತ್ತು. ಅದನ್ನು ನೋಡದೆಯೇ, ಬರೀ ವರ್ಣನೆ ಮತ್ತು ಒಂದು ರೇಖಾಚಿತ್ರದ ಆಧಾರದ ಮೇಲೆ ಜರ್ಮನಿಯ ಆಲ್‌ಬ್ರೆಕ್ಟ್ ಡ್ಯೂರರ್ ಮಾಡಿದ ಮರದಚ್ಚಿನ ಚಿತ್ರ ಯುರೋಪಿನಲ್ಲೆಲ್ಲ ಹೆಸರಾಯಿತು. ಮಠ, ಬುರುಜು ಎರಡೂ 1983ರಿಂದ ವಿಶ್ವ ಪರಂಪರೆಯ ತಾಣಗಳು.

ಹೊರಡುವ ಮುನ್ನ

ಹಳೆಯ ಊರಿಗಷ್ಟೇ ಸೀಮಿತವಾದ ಸುತ್ತಿಗೆ ಒಂದೂವರೆ–ಎರಡು ಗಂಟೆ, ಬೆಲೆಂ ಸೇರಿದರೆ ಮೂರು–ನಾಲ್ಕು ಗಂಟೆ ಹಿಡಿಯುತ್ತದೆ. ಬಾಡಿಗೆಯನ್ನು ಸಾಮಾನ್ಯವಾಗಿ ತಲೆಗಿಷ್ಟೆಂದಲ್ಲ, ಗಾಡಿಗಿಷ್ಟೆಂದು ಹೇಳುವುದರಿಂದ ನಾಲ್ಕೈದು ಜನ ಕೂಡಿ ಹೋದರೆ ಅಗ್ಗ. ಮೊತ್ತ, ಅವಧಿ, ನಿಲ್ಲಿಸುವ ಜಾಗಗಳನ್ನು ಹತ್ತುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಒಳಗಿನ ಪ್ರವೇಶ ಶುಲ್ಕ ಇದರಲ್ಲಿ ಸೇರಿರುವುದಿಲ್ಲ. ಮಠ, ವಸ್ತುಸಂಗ್ರಹಾಲಯಗಳಲ್ಲಿ ಹೆಚ್ಚಿನವು ಸೋಮವಾರ ಮುಚ್ಚಿರುತ್ತವೆ. ಊರಿನ ಕಾಲುದಾರಿಗಳಿಗೆ ಕೈಯಲ್ಲಿ ಕೆತ್ತಿದ ಚಿಕ್ಕ ಸುಣ್ಣಕಲ್ಲುಗಳನ್ನು ಹಾಸಿದ್ದು, ಮಳೆ ಬಿದ್ದಾಗ ಅವು ಜಾರುತ್ತವೆ. ಹಿಡಿತವಿರುವ ಬೂಟು ಬೇಕು.

ಸ್ಥಳೀಯರ ದೂರುಗಳೂ ಇವೆ. ಕಿಟಕಿಯ ಕೆಳಗೆ ದಿನವಿಡೀ ಗಾಡಿ, ಗೈಡ್‌ಗಳ ಸದ್ದು, ನೋಟದ ಕಟ್ಟೆಗಳ ಬಳಿ ಗಾಡಿಗಳ ಸಾಲು, ಟ್ರಾಮಿಗೆ ಅಡ್ಡಿ. ಹಳೆಯ ಕೇರಿಗಳ ಮನೆಗಳು ಪ್ರವಾಸಿಗರ ತಂಗುದಾಣಗಳಾಗಿ, ಬಾಡಿಗೆ ಏರಿ, ಮೂಲನಿವಾಸಿಗಳು ಊರಾಚೆ ಹೋಗಬೇಕಾಗಿ ಬಂದ ಅಸಮಾಧಾನ ಇದರ ಹಿಂದಿದೆ. ಟುಕ್‌ಟುಕ್‌ಗಳು ಓಡಬಾರದ ಬೀದಿಗಳನ್ನು, ನಿಲ್ಲಬೇಕಾದ ಜಾಗಗಳನ್ನು ನಗರಸಭೆ ಗೊತ್ತುಮಾಡುತ್ತ, ನಿಯಮಗಳನ್ನು ಬಿಗಿ ಮಾಡುತ್ತ ಬಂದಿದೆ. ಹಾಗಾಗಿ ಗಾಡಿ ಸಾಗುವ ದಾರಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಗಾಡಿಯಲ್ಲಿ ಒಮ್ಮೆ ಸುತ್ತಿ ಊರಿನ ಅಂದಾಜು ಮಾಡಿಕೊಂಡು, ಮರುದಿನ ಬೆಳಗ್ಗೆ ಅಲ್ಫಾಮಾದ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ನಡೆದು ಇಳಿದರೆ ಏರಿನ ಆಯಾಸವೂ ಇಲ್ಲ, ಗಾಡಿ ಮುಟ್ಟದ ಲಿಸ್ಬನ್ನನ್ನೂ ನೋಡಿದಂತಾಗುತ್ತದೆ.