ನಿಮಗಿದು ಗೊತ್ತೆ? ಫೋನಿನ ಪರದೆಗೂ ಕಲೆ ಕೂರುತ್ತದೆ!

ಕಿಣತ್ತುಕಡವಿನಿಂದ ಕೊಯಮತ್ತೂರಿಗೋ ಪೊಳ್ಳಾಚಿಗೋ ದಿನವಿಡೀ ಮ್ಯಾಪ್ ಹಾಕಿಕೊಂಡು ಗಾಡಿ ಓಡಿಸುವವರೇ, ಗಮನಿಸಿ: ಓಎಲ್‌ಇಡಿ ಫೋನಿನಲ್ಲಿ ಮ್ಯಾಪ್ ಮುಚ್ಚಿದ ಮೇಲೂ ಅದರ ಪಟ್ಟಿ ಮಸುಕಾಗಿ ಉಳಿಯಬಹುದು. ಇದೇ ‘ಬರ್ನ್-ಇನ್’.

● ಹೆಸರು ಹಾಗಿದ್ದರೂ ಪರದೆ ಸುಡುವುದಿಲ್ಲ, ಸವೆಯುತ್ತದೆ. ಓಎಲ್‌ಇಡಿಯ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪುಟ್ಟ ದೀಪ. ಹೆಚ್ಚು ಉರಿದದ್ದು ಬೇಗ ಮಂಕಾಗುತ್ತದೆ.

● ಕೆಂಪು, ಹಸಿರಿಗಿಂತ ನೀಲಿ ದೀಪದ ಆಯಸ್ಸು ಕಡಿಮೆ. ಹಾಗಾಗಿ ಸವೆದ ಜಾಗ ತುಸು ಹಳದಿಯಾಗಿ ಕಾಣುವುದುಂಟು.

● ಕೆಲ ನಿಮಿಷಗಳಲ್ಲಿ ಮಾಯವಾದರೆ ಅದು ತಾತ್ಕಾಲಿಕ ನೆರಳು, ಚಿಂತೆ ಬೇಡ. ಬರ್ನ್-ಇನ್ ಮಾತ್ರ ಶಾಶ್ವತ. ಯಾವ ಆ್ಯಪ್ ಕೂಡ ಸವೆದದ್ದನ್ನು ಮರಳಿ ತರಲಾರದು.

● ಇಂಥ ಪರದೆಗೆ ದಾರಿ ಮಾಡಿದವರು ಈಸ್ಟ್‌ಮನ್ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. ಅವರ ಸಂಶೋಧನಾ ಲೇಖನ ಪ್ರಕಟವಾದದ್ದು 1987ರಲ್ಲಿ.

● 2017ರಲ್ಲಿ ಗೂಗಲ್‌ನ ಪಿಕ್ಸೆಲ್ 2 ಎಕ್ಸ್‌ಎಲ್ ಫೋನಿನ ಬಗ್ಗೆ ಇದೇ ದೂರು ಎದ್ದಾಗ ಕಂಪನಿ ವಾರಂಟಿಯನ್ನು 2 ವರ್ಷಕ್ಕೆ ಏರಿಸಿತು.

● ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳಿಗೂ ಈ ಕಾಟವಿತ್ತು. ಸ್ಕ್ರೀನ್ ಸೇವರ್ ಹುಟ್ಟಿದ್ದೇ ಅದಕ್ಕಾಗಿ!

ಪರೀಕ್ಷೆ ಸುಲಭ: ಪರದೆ ತುಂಬ ಬರಿಯ ಬೂದು ಬಣ್ಣದ ಚಿತ್ರ ತೆರೆದು ನೋಡಿ, ಕಲೆಯಿದ್ದರೆ ಎದ್ದು ಕಾಣುತ್ತದೆ. ಇಲ್ಲದಿದ್ದರೆ ಮುಂದೆಯೂ ಬಾರದಿರಲು ಬೆಳಕು ತಗ್ಗಿಸಿ, ಡಾರ್ಕ್ ಮೋಡ್ ಬಳಸಿ. ಈ ಪರದೆಯಲ್ಲಿ ಕಪ್ಪು ಎಂದರೆ ದೀಪಕ್ಕೆ ವಿಶ್ರಾಂತಿ.