ಹಳೆಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ನಮ್ಮ ಹಿರಿಯರು. ಹಳೆಯ ಕಂಪ್ಯೂಟರಿಗೆ ಅಗ್ಗದ ಮದರ್‌ಬೋರ್ಡು ಹುಡುಕಿ ನೋಡು ಎಂಬ ಮಾತನ್ನು ಅದಕ್ಕೆ ಸೇರಿಸುವ ಅಧಿಕಾರ ಈಚೆಗೆ ನನಗೂ ಪ್ರಾಪ್ತವಾಯಿತು. ಕಲಾ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಹೇಳುತ್ತೇನೆ.

ನಮ್ಮ ಮನೆಯ ಕಂಪ್ಯೂಟರು ಅಣ್ಣನ ಕಾಲೇಜು ದಿನಗಳದ್ದು. ಅದರ ಪ್ರಾಸೆಸರು ಇಂಟೆಲ್ ಕಂಪನಿಯ ಐ3. 2013ರಲ್ಲಿ ಬಂದ ನಾಲ್ಕನೆಯ ತಲೆಮಾರಿನದು. ನನ್ನ ಟಿಪ್ಪಣಿಗಳು, ನಮ್ಮೂರಿನ ಶಾಸನಗಳನ್ನು ಕುರಿತ ಪ್ರಬಂಧ, ನೆರೆಯವರ ಅರ್ಜಿಗಳನ್ನು ಬೆರಳಚ್ಚು ಮಾಡಿ ಗಳಿಸುವ ಪುಡಿಗಾಸು, ಎಲ್ಲಕ್ಕೂ ಅದೇ ಆಧಾರ. ಪ್ರಬಂಧ ಒಪ್ಪಿಸಲು ಒಂದು ತಿಂಗಳಿರುವಾಗ ಅದು ಕಣ್ಣು ಮುಚ್ಚಿತು. ರಿಪೇರಿಯವರು ಬೇರೆ ಎಸ್‌ಎಂಪಿಎಸ್ ಜೋಡಿಸಿ, ಬೇರೆ ರ‍್ಯಾಮ್ ಹಾಕಿ ಪರೀಕ್ಷಿಸಿ, ಕೆಟ್ಟಿರುವುದು ಬೋರ್ಡು ಮಾತ್ರ ಎಂದರು. ಅಮ್ಮ ಚೀಟಿ ಎತ್ತಿದ ಹಣದಲ್ಲಿ ಒಂದು ಪಾಲನ್ನು ನನ್ನ ಕೈಗಿತ್ತಳು.

ಆತುರಗಾರನಿಗೆ ಬುದ್ಧಿ ಮಟ್ಟವಷ್ಟೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದವನು ಕಡಮೆ ಬೆಲೆಯ ಬೋರ್ಡೊಂದನ್ನು ಕೊಂಡು ತಂದೆ. ನನ್ನ ಪ್ರಾಸೆಸರಿಗೆ ಬೇಕಾದ ಸಾಕೆಟ್ಟು ಎಲ್‌ಜಿಎ 1150. ನಾನು ತಂದದ್ದು 1151. ಒಂದೇ ಅಂಕಿಯ ಅಂತರ. ಆದರೂ ಪ್ರಾಸೆಸರು ಅದರಲ್ಲಿ ಕೂರಲಿಲ್ಲ. ಬಿಚ್ಚಿದ ಮಾಲೆಂದು ಐನೂರು ರೂಪಾಯಿ ಮುರಿದುಕೊಂಡು ಅಂಗಡಿಯವರು ಅದನ್ನು ಹಿಂದಕ್ಕೆ ಪಡೆದರು. ಆ ಐನೂರು ನಾನು ತೆತ್ತ ಗುರುದಕ್ಷಿಣೆ. ಕಲಿತದ್ದು ಇಷ್ಟು.

ಮೊದಲು ನೋಡತಕ್ಕದ್ದು ಸಾಕೆಟ್ಟು. ಅದರ ಸಂಖ್ಯೆ ಹೊಂದಿದರೂ ಸಾಲದು. 2017ರ ಎಂಟನೆಯ ತಲೆಮಾರಿನ ಇಂಟೆಲ್ ಪ್ರಾಸೆಸರುಗಳ ಸಾಕೆಟ್ಟೂ 1151 ಎಂದೇ. ಆದರೆ 2015ರ ಎಚ್110 ಬೋರ್ಡು ಅವಕ್ಕಲ್ಲ. ಆದ್ದರಿಂದ ತಯಾರಕರು ಪ್ರಕಟಿಸುವ ಪ್ರಾಸೆಸರುಗಳ ಪಟ್ಟಿಯನ್ನೂ, ಅದಕ್ಕೆ ಬೇಕಾದ ಬಯಾಸ್ ಆವೃತ್ತಿಯನ್ನೂ ನೋಡಿಕೊಳ್ಳಬೇಕು.

ಎರಡನೆಯದು ರ‍್ಯಾಮ್. ಡಿಡಿಆರ್3, ಡಿಡಿಆರ್4, ಡಿಡಿಆರ್5 ಇವುಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು.

ಮೂರನೆಯದು ಕ್ಯಾಬಿನೆಟ್ಟು. ಮೈಕ್ರೋ ಎಟಿಎಕ್ಸ್ ಬೋರ್ಡು ಉದ್ದಗಲ 24.4 ಸೆಂಟಿಮೀಟರಿನವರೆಗೆ ಇರುತ್ತದೆ. ಕಚೇರಿಗಳಿಂದ ಹೊರಬಿದ್ದ ಕೆಲವು ಕಂಪ್ಯೂಟರುಗಳಲ್ಲಿ ಬೋರ್ಡಿನ ಆಕಾರವೂ ಎಸ್‌ಎಂಪಿಎಸ್ ತಂತಿಗಳ ತುದಿಯೂ ಆಯಾ ಕಂಪನಿಯದೇ ಆಗಿದ್ದು, ಪೇಟೆಯ ಬೋರ್ಡು ಅಲ್ಲಿ ಸಲ್ಲದು.

ನಾಲ್ಕನೆಯದು ಚಿತ್ರದ ಮಾತು. ಬೋರ್ಡಿನಲ್ಲಿ ಎಚ್‌ಡಿಎಂಐ ರಂಧ್ರವಿದ್ದ ಮಾತ್ರಕ್ಕೆ ಪರದೆ ಬೆಳಗದು. ಪ್ರಾಸೆಸರಿನೊಳಗೆ ಗ್ರಾಫಿಕ್ಸ್ ಇರಬೇಕು. ಇಂಟೆಲ್ ಪ್ರಾಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದು ಇಲ್ಲವೆಂದು ತಿಳಿಯತಕ್ಕದ್ದು.

ಇವೆಲ್ಲವನ್ನೂ ತೂಗಿದಾಗ ನನ್ನ ಮುಂದೆ ಎರಡು ದಾರಿಗಳಿದ್ದವು. ಎಎಂ4 ಸಾಕೆಟ್ಟಿನ ಬಿ450 ಬೋರ್ಡನ್ನೋ, ಎಲ್‌ಜಿಎ 1700 ಸಾಕೆಟ್ಟಿನ ಎಚ್610 ಬೋರ್ಡನ್ನೋ ಕೊಂಡರೆ ವೇಗ ಹೆಚ್ಚು. ಆದರೆ ಜೊತೆಗೆ ಹೊಸ ಪ್ರಾಸೆಸರು, ಹೊಸ ರ‍್ಯಾಮ್ ಎರಡನ್ನೂ ಕೊಳ್ಳಲೇಬೇಕು. 1150 ಸಾಕೆಟ್ಟಿನ ಎಚ್81 ಬೋರ್ಡನ್ನು ಹಾಕಿದರೆ ಇದ್ದುದೆಲ್ಲ ಉಳಿಯುತ್ತದೆ. 16 ಜಿಬಿವರೆಗೆ ರ‍್ಯಾಮ್ ಏರಿಸಬಹುದು. ಕೊರತೆಯೂ ಉಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ವಿಂಡೋಸ್ 11ರ ಅಂಗೀಕೃತ ಪಟ್ಟಿಯಲ್ಲಿ ನಾಲ್ಕನೆಯ ತಲೆಮಾರಿಗೆ ಸ್ಥಾನವಿಲ್ಲ.

ಬರವಣಿಗೆಗಷ್ಟೇ ಬೇಕಾದ ನಾನು ಎರಡನೆಯ ದಾರಿ ಹಿಡಿದೆ. ಬಳಸಿದ ಎಚ್81 ಬೋರ್ಡನ್ನು ಅಂಗಡಿಯಲ್ಲೇ ನಡೆಸಿ ನೋಡಿ ಕೊಂಡೆ. ಉಳಿದ ಹಣದಲ್ಲಿ ಚಿಕ್ಕ ಎಸ್‌ಎಸ್‌ಡಿ ಬಂತು. ಲಿನಕ್ಸ್ ಉಚಿತವಾಗಿ ದೊರೆಯಿತು. ಅದರಲ್ಲಿ ಕಗಪ ಕೀಲಿಮಣೆಯೂ ಇದೆ. ಪ್ರಬಂಧ ಸಕಾಲದಲ್ಲಿ ಮುಗಿಯಿತು. ಚಲನಚಿತ್ರ ಸಂಕಲನದಂಥ ಭಾರದ ಕೆಲಸವಿರುವವರು ಮಾತ್ರ ಮೊದಲನೆಯ ದಾರಿಯನ್ನೇ ಹಿಡಿಯಬೇಕು.

ಬೋರ್ಡಿನ ಬೆಲೆಯೆಂದರೆ ಅದರ ಚೀಟಿಯ ಮೇಲಿರುವುದಲ್ಲ. ಅದರೊಡನೆ ಕೊಳ್ಳಬೇಕಾದುದೆಲ್ಲ ಸೇರಿದ ಮೊತ್ತ. ಆದ್ದರಿಂದ ಮಿತ್ರರೇ, ಅಂಗಡಿಗೆ ಹೋಗುವ ಮೊದಲು ಕ್ಯಾಬಿನೆಟ್ಟನ್ನು ತೆರೆದು ಒಳಗಿರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆ ನಿಮಗೆ ಐನೂರು ರೂಪಾಯಿ ಉಳಿಸೀತು.