ನಿದ್ರೆಯೂ ನೆನಪೂ

ನಿದ್ರೆಯ ವಿಷಯದಲ್ಲಿ ನಮ್ಮ ಜನಕ್ಕೆ ಒಂದು ಬಗೆಯ ತಾತ್ಸಾರವುಂಟು. ಹೆಚ್ಚು ಹೊತ್ತು ಮಲಗುವವನನ್ನು ಕುಂಭಕರ್ಣನೆಂದು ಹಾಸ್ಯಮಾಡುತ್ತೇವೆ. ನಿದ್ದೆಗೆಟ್ಟು ಓದುವ ಹುಡುಗನನ್ನು ನೆರೆಮನೆಯವರ ಮುಂದೆ ಹೊಗಳುತ್ತೇವೆ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಪರೀಕ್ಷೆಗಳು ಸಮೀಪಿಸಿದೊಡನೆ ಎಷ್ಟೋ ಮನೆಗಳಲ್ಲಿ ನಡುರಾತ್ರಿ ಕಳೆದರೂ ದೀಪ ಆರುವುದಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಲಾಭ, ಮಲಗಿದಷ್ಟು ಹೊತ್ತೂ ನಷ್ಟ ಎಂಬ ಲೆಕ್ಕ ಇದರ ಹಿಂದಿದೆ. ಈ ಲೆಕ್ಕ ಸರಿಯಲ್ಲ, ಕಲಿಕೆಯ ಉತ್ತರಾರ್ಧ ನಡೆಯುವುದೇ ನಿದ್ರೆಯಲ್ಲಿ ಎಂದು ಮೆದುಳಿನ ವಿಜ್ಞಾನ ಹೇಳುತ್ತಿದೆ. ಅದು ಹೇಗೆಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸಲು ಯತ್ನಿಸುತ್ತೇನೆ.

ನಮ್ಮ ಪ್ರಾಚೀನರು ನಿದ್ರೆಯನ್ನು ಉಪೇಕ್ಷಿಸಿದವರಲ್ಲ. ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಬೇರೆ ಬೇರೆ ಅವಸ್ಥೆಗಳಾಗಿಯೇ ಎಣಿಸಿದೆ. ಆದರೆ ಮಲಗಿದವನ ಮೆದುಳಿನಲ್ಲಿ ಏನು ನಡೆಯುತ್ತದೆಂದು ಹೊರಗಿನಿಂದ ಕಾಣುವ ಉಪಾಯ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಜರ್ಮನಿಯ ಯೇನಾ ನಗರದ ವೈದ್ಯರಾದ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ತಿನ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇಂದು ಆಸ್ಪತ್ರೆಗಳಲ್ಲಿ ಇ.ಇ.ಜಿ. ಎನ್ನುವುದು ಇದನ್ನೇ. ಈ ತಂತಿಗಳ ಮೂಲಕ ನೋಡಿದಾಗ, ಗಾಢನಿದ್ರೆಯ ಮೆದುಳು ಸ್ತಬ್ಧವಾಗಿಲ್ಲವೆಂಬುದೂ ಅಲ್ಲಿ ದೊಡ್ಡ ದೊಡ್ಡ ಅಲೆಗಳು ನಿಧಾನವಾಗಿ ಏಳುತ್ತ ಬೀಳುತ್ತ ಇರುತ್ತವೆಂಬುದೂ ತಿಳಿದುಬಂತು.

ಅದೇ 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬುವರು ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, ಕೆಲವು ಗಂಟೆಗಳ ತರುವಾಯ ಒಪ್ಪಿಸಲು ಹೇಳಿದರು. ಎಚ್ಚರವಾಗಿ ಕಳೆದ ಗಂಟೆಗಳ ಅನಂತರಕ್ಕಿಂತ ಮಲಗಿ ಎದ್ದ ಅನಂತರ ಇಬ್ಬರಿಗೂ ಹೆಚ್ಚು ನೆನಪಿತ್ತು. ನಿದ್ರೆಯಲ್ಲಿ ಹೊಸ ಗದ್ದಲವಿಲ್ಲದಿರುವುದರಿಂದ ಹಳೆಯದು ಅಳಿಸಿಹೋಗಲಿಲ್ಲ ಎಂದಷ್ಟೇ ಆಗ ಅರ್ಥಮಾಡಿದರು. ನಿದ್ರೆ ತಾನಾಗಿ ಏನನ್ನಾದರೂ ಮಾಡುತ್ತಿರಬಹುದೆಂಬ ವಿಚಾರ ಬಲಗೊಳ್ಳಲು ಇನ್ನೂ ಹಲವು ದಶಕಗಳು ಬೇಕಾದವು.

ಇಲ್ಲಿ ನೆನಪಿನ ನೆಲೆಯ ಬಗ್ಗೆ ಒಂದು ಮಾತು ಹೇಳಬೇಕು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ತರುಣನ ಅಪಸ್ಮಾರವನ್ನು ಗುಣಪಡಿಸಲೆಂದು ಶಸ್ತ್ರವೈದ್ಯರು ಅವನ ಮೆದುಳಿನ ಎರಡೂ ಪಾರ್ಶ್ವಗಳಿಂದ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಬಹುಮಟ್ಟಿಗೆ ತೆಗೆದರು. ಕಡಲಕುದುರೆಯ ಆಕಾರದ್ದೆಂದು ಅದಕ್ಕೆ ಆ ಹೆಸರು. ಮುಂದೆ 2008ರಲ್ಲಿ ತೀರಿಕೊಳ್ಳುವವರೆಗೂ ಆತನಿಗೆ ಬಾಲ್ಯ ನೆನಪಿತ್ತು. ಆಗತಾನೆ ಕಂಡ ಮುಖ ನೆನಪಿರುತ್ತಿರಲಿಲ್ಲ. ಹೊಸ ಅನುಭವ ಮೊದಲು ಹಿಡಿತಕ್ಕೆ ಸಿಕ್ಕುವುದು ಹಿಪ್ಪೊಕ್ಯಾಂಪಸ್ಸಿನಲ್ಲಿ, ಕಾಲಕ್ರಮದಲ್ಲಿ ಅದು ನೆಲೆಗೊಳ್ಳುವುದು ಮೆದುಳಿನ ಹೊರಪದರದಲ್ಲಿ ಎಂಬ ವಿಚಾರ ಹೀಗೆ ಮೂಡಿತು.

ಆ ಮೊದಲ ಹಿಡಿತವನ್ನು ಕಣ್ಣಾರೆ ಕಾಣುವ ಕೆಲಸ ನಮ್ಮ ಹೆಬ್ಬಾಳದಾಚೆಯೇ ನಡೆದಿದೆ. ಬಳ್ಳಾರಿ ರಸ್ತೆಯಲ್ಲಿ, ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಪಿಂದರ್ ಭಲ್ಲಾ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಇಲಿಮರಿಯಂಥ ಪುಟ್ಟ ಸುಂಡಿಲಿಗೆ ಒಂದು ನಾದ ಕೇಳಿಸಿ, ಕ್ಷಣಕಾಲ ಬಿಟ್ಟು ಕಣ್ಣಿಗೆ ಮೆಲ್ಲನೆ ಗಾಳಿ ಊದಿದರು. ಪಾಠ ಕಲಿತ ಸುಂಡಿಲಿ ನಾದ ಕೇಳಿದೊಡನೆ ಕಣ್ಣು ಮುಚ್ಚತೊಡಗಿತು. ಆಗ ಅದರ ಹಿಪ್ಪೊಕ್ಯಾಂಪಸ್ಸಿನ ನರಕೋಶಗಳು ಒಂದಾದ ಮೇಲೊಂದರಂತೆ ಮಿಡಿದು, ನಾದಕ್ಕೂ ಗಾಳಿಗೂ ನಡುವಣ ಬಿಡುವನ್ನು ಸಾಲಾಗಿ ತುಂಬುತ್ತಿದ್ದವು. ನೆನಪೆಂದರೆ ಕೋಶಗಳು ಮಿಡಿಯುವ ಒಂದು ಕ್ರಮ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಅಧ್ಯಯನ ಎಚ್ಚರದ್ದು. ನಿದ್ರೆಯಲ್ಲಿ ಇಂಥ ಕ್ರಮ ಏನಾಗುತ್ತದೆ? ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ಅಮೆರಿಕದಿಂದ ಇದಕ್ಕೆ ಉತ್ತರ ಕೊಟ್ಟರು. ಇಲಿ ಓಡಾಡುವಾಗ ಒಟ್ಟಾಗಿ ಮಿಡಿದ ಕೋಶಗಳು ಆಮೇಲೆ ಅದು ಮಲಗಿದಾಗಲೂ ಒಟ್ಟಾಗಿ ಮಿಡಿದವು. ಹಗಲು ನಡೆದ ದಾರಿ ಇರುಳಲ್ಲಿ ಮತ್ತೆ ನಡೆಯುತ್ತದೆ, ಅದೂ ಬಹಳ ವೇಗವಾಗಿ, ಎಂದು ಮುಂದಿನ ಅಧ್ಯಯನಗಳು ತೋರಿಸಿದವು.

ಈ ಪುನರಾವರ್ತನೆಗೆ ಮೂರು ಲಯಗಳ ಹೊಂದಾಣಿಕೆ ಬೇಕು. ಮೊದಲನೆಯದು ಹೊರಪದರದ ನಿಧಾನದ ಅಲೆ. ಸೆಕೆಂಡಿಗೆ ಒಂದಕ್ಕಿಂತ ತುಸು ಕಡಿಮೆ. ಎರಡನೆಯದು ಥಲಾಮಸ್ಸಿನಲ್ಲಿ ಹುಟ್ಟುವ, ಸೆಕೆಂಡಿಗೆ ಸುಮಾರು 11ರಿಂದ 16 ಬಾರಿ ತುಯ್ಯುವ ಚಿಕ್ಕ ಅಲೆಗಳ ಗುಂಪು. ನಡುವೆ ದಪ್ಪ, ಎರಡೂ ತುದಿ ಚೂಪು; ನೂಲು ಸುತ್ತಿದ ಕದಿರನ್ನು ಹೋಲುವುದರಿಂದ ಅದನ್ನು ಕದಿರಲೆ ಎನ್ನೋಣ. ಮೂರನೆಯದು ಹಿಪ್ಪೊಕ್ಯಾಂಪಸ್ಸಿನ ಕಿರುತೆರೆ. ಇಲಿಗಳಲ್ಲಿ ಸೆಕೆಂಡಿಗೆ ಸುಮಾರು 150ರಿಂದ 200. ಹಗಲಿನ ಅನುಭವ ಮರುಕಳಿಸುವುದು ಈ ಕಿರುತೆರೆಯಲ್ಲಿ. ಸಂಗೀತ ಬಲ್ಲವರಿಗೆ ಹೇಳುವುದಾದರೆ, ವಿಳಂಬದ ಒಂದು ಆವರ್ತದೊಳಗೆ ಮಧ್ಯಲಯ, ಅದರೊಳಗೆ ದ್ರುತ. ಮೂರೂ ತಾಳ ತಪ್ಪದೆ ಕೂಡಿದಾಗ ಹಿಪ್ಪೊಕ್ಯಾಂಪಸ್ಸಿನ ಮಾತು ಹೊರಪದರಕ್ಕೆ ಮುಟ್ಟಿ ಅಲ್ಲಿ ಬೇರುಬಿಡುತ್ತದೆ ಎಂಬುದು ಇಂದು ಬಹುಮಂದಿ ಒಪ್ಪುವ ವಿವರಣೆ.

ಇವು ಬರಿಯ ಜೊತೆಗಾರ ಲಕ್ಷಣಗಳಾಗಿರಬಾರದೇಕೆ ಎಂದು ಕೇಳಬಹುದು. 2006ರಲ್ಲಿ ಜರ್ಮನಿಯ ಲ್ಯೂಬೆಕ್‌ನ ಸಂಶೋಧಕರು ಮಲಗಿದ ತರುಣರ ತಲೆಗೆ ನಿಧಾನದ ಅಲೆಯ ಲಯದಲ್ಲಿಯೇ ಅತಿ ಮೆಲುವಾದ ವಿದ್ಯುತ್ತನ್ನು ಹಾಯಿಸಿದರು. ಸಂಜೆ ಕಲಿತ ಜೋಡಿಪದಗಳು ಬೆಳಿಗ್ಗೆ ಹೆಚ್ಚು ನೆನಪಿದ್ದವು. ವೇಗದ ಲಯದಲ್ಲಿ ಹಾಯಿಸಿದಾಗ ಈ ಫಲ ದೊರೆಯಲಿಲ್ಲ. ಪ್ಯಾರಿಸ್ಸಿನಲ್ಲಿ 2009ರಲ್ಲಿ ಮಲಗಿದ ಇಲಿಗಳ ಕಿರುತೆರೆಗಳನ್ನಷ್ಟೇ ಕತ್ತರಿಸಿದಾಗ ಅವುಗಳ ಕಲಿಕೆ ಕುಂದಿತು. ಲಯವೇ ಕೆಲಸಗಾರ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಕಷ್ಟ. ಹಾಗೆಂದು ದಿಂಬಿನ ಕೆಳಗೆ ಪುಸ್ತಕವಿಟ್ಟು ಮಲಗಿದರೆ ಪಾಠ ಬಂದೀತೆಂದಲ್ಲ. ಹಗಲು ಬಿತ್ತದೆ ಇದ್ದುದು ಇರುಳು ಮೊಳೆಯಲಾರದು.

ಗಾಢನಿದ್ರೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ರೆಯ ಹೆಚ್ಚಿನ ಪಾಲು ಬೆಳಗಿನ ಜಾವದಲ್ಲಿ ಬರುತ್ತದೆ. ಹೊತ್ತು ಮೀರಿ ಮಲಗಿ ನಾಲ್ಕಕ್ಕೆ ಅಲಾರಂ ಇಟ್ಟು ಏಳುವ ವಿದ್ಯಾರ್ಥಿ ಎರಡೂ ಕಡೆ ಕಳೆದುಕೊಳ್ಳುತ್ತಾನೆ. ಇನ್ನು ರಾತ್ರಿಯೇ ದುಡಿಯುವವರ ಪಾಡು ಬೇರೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದ ಮೇಲ್ಸೇತುವೆಗೆ ರಾತ್ರಿಯೆಂಬುದೇ ಇಲ್ಲದಂತಾಗಿದೆ. ಕಾರು ಓಡಿಸುವವರು, ಕಾವಲುಗಾರರು, ಯಶವಂತಪುರದ ರೈಲ್ವೆ ನೌಕರರು ಹಗಲು ಮಲಗಬೇಕು. ದೇಹದೊಳಗಿನ ಗಡಿಯಾರ ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಅಂಥ ಗಡಿಯಾರವನ್ನೇ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಹಣ್ಣಿನ ನೊಣಗಳ ಮೂಲಕ ಅಭ್ಯಸಿಸುತ್ತ ಬಂದಿದ್ದಾರೆ. ಗಡಿಯಾರದೊಡನೆ ಬೀದಿಯ ಸದ್ದೂ ಸೇರಿದರೆ ಅವರ ನಿದ್ರೆ ತುಂಡುತುಂಡಾಗುತ್ತದೆ.

ಆದ್ದರಿಂದ ತಂದೆತಾಯಂದಿರಲ್ಲಿ ನನ್ನದು ಎರಡು ಬಿನ್ನಹ. ಪರೀಕ್ಷೆಯ ಹಿಂದಿನ ರಾತ್ರಿ ಮಗು ಪುಸ್ತಕ ಮಡಿಸಿ ಹೊತ್ತಿಗೆ ಸರಿಯಾಗಿ ಮಲಗಿದರೆ ಅದನ್ನು ಸೋಮಾರಿತನವೆಂದು ಗದರಿಸಬೇಡಿ. ಓದಿದ್ದನ್ನು ಅದರ ಮೆದುಳು ಜೋಡಿಸಿಡಲು ಹೊರಟಿದೆ ಎಂದು ತಿಳಿಯಿರಿ. ರಾತ್ರಿ ಪಾಳಿ ಮುಗಿಸಿ ಬಂದು ಪಕ್ಕದ ಮನೆಯಲ್ಲಿ ಯಾರಾದರೂ ಮಲಗಿದ್ದರೆ, ನಿಮ್ಮ ರೇಡಿಯೋ ಸದ್ದನ್ನು, ಈ ಭಾಷಣವನ್ನೂ ಸೇರಿಸಿ, ಸ್ವಲ್ಪ ತಗ್ಗಿಸಿ.